ಹುಲ್ಲಿನ ಪುಸ್ತಕ

ವರ್ಷಕ್ಕೊಂದು ದಿನ ಜರ್ಮನ್ ರೈತ ಬ್ರಾಮ್‌ಕಾಂಪನ ನಾಲ್ಕನೇ ಕೊಟ್ಟಿಗೆಯ ಹಂದಿಗಳು ಸುಖವಾಗಿರುತ್ತಿದ್ದವು. ಅದು ತಪಾಸಣೆಯ ದಿನ.

ಎರಡು ದಿನ ಮುಂಚೆ ಕೃಷಿ ಕಚೇರಿಯಿಂದ ಫೋನು ಬರುತ್ತಿತ್ತು. ಹೇಳದೆ ಕೇಳದೆ ಬಾಗಿಲಿಗೆ ಹೋದರೆ ಯಜಮಾನರ ಮನಸ್ಸಿಗೆ ನೋವಾದೀತು ಎಂಬ ಸೂಕ್ಷ್ಮ ಕಾನೂನಿಗೆ ಗೊತ್ತಿತ್ತು. ಫೋನು ಬಂದ ಕೂಡಲೇ ಟ್ರ್ಯಾಕ್ಟರು ಹುಲ್ಲು ತರಲು ಹೊರಡುತ್ತಿತ್ತು. ತಪಾಸಣೆಯ ಬೆಳಿಗ್ಗೆ ಐದು ಗಂಟೆಗೆ ಒತಿಲಿಯಾ, ಅವಳ ಗಂಡ ನೇಲು, ಜೊತೆ ಕೆಲಸದ ಫ್ಲೋರಿಕಾ, ಮೂವರೂ ಗೋಧಿಹುಲ್ಲಿನ ಕಟ್ಟುಗಳನ್ನು ಹೊತ್ತು ಕೊಟ್ಟಿಗೆಯ ಉದ್ದಕ್ಕೂ ಹಾಸುತ್ತಿದ್ದರು. ಎಂಟುನೂರು ಹಂದಿ. ವರ್ಷವಿಡೀ ಉಚ್ಚೆ ಸಗಣಿ ಕೆಳಗಿಳಿಯಲೆಂದು ಸೀಳು ಬಿಟ್ಟ ಕಾಂಕ್ರೀಟ್ ನೆಲದ ಮೇಲೆ ನಿಂತವು, ಅದರ ಮೇಲೇ ಮಲಗಿದವು. ಹುಲ್ಲು ಕಂಡ ಕೂಡಲೇ ಮೂತಿಯಿಂದ ತಿವಿದು, ಕೆದಕಿ, ಅಗಿದು, ಕೊನೆಗೆ ಒಂದರ ಮೈಮೇಲೊಂದು ಬಿದ್ದುಕೊಂಡು ನಿದ್ದೆ ಹೋಗುತ್ತಿದ್ದವು.

"ನೋಡೇ ಇವುಗಳ ಅದೃಷ್ಟ," ಎನ್ನುತ್ತಿದ್ದಳು ಫ್ಲೋರಿಕಾ. "ಹಾಸಿಗೆ ಹಾಕೋಕೆ ನಾವು. ಮಲಗಿದ್ದಾವಾ ಅಂತ ನೋಡೋಕೆ ಆಫೀಸರು. ನಮ್ಮಪ್ಪನ ಮನೇಲಿ ನನಗೂ ಇಷ್ಟು ಸೇವೆ ಸಿಕ್ಕಿರಲಿಲ್ಲ."

ಹುಲ್ಲಿನ ಮೇಲೆ ಮಲಗುವ ಹಂದಿಗೆ ತಲೆಗಿಷ್ಟು ಎಂದು ಸಬ್ಸಿಡಿ ಇದೆ. ಹಂದಿಯ ಸುಖಕ್ಕೆಂದೇ ಕೊಡುವ ಹಣ. ಹಂದಿಗೆ ಬ್ಯಾಂಕಿನಲ್ಲಿ ಖಾತೆ ಇಲ್ಲದ್ದರಿಂದ ಅದು ಬ್ರಾಮ್‌ಕಾಂಪನ ಖಾತೆಗೆ ಹೋಗುತ್ತಿತ್ತು.

ತಪಾಸಣೆ ಮುಗಿದ ಮಾರನೆಯ ದಿನ ಹುಲ್ಲನ್ನೆಲ್ಲ ತೆಗೆಯಬೇಕು. ಹಾಸುವಾಗ ಹಗುರವಾಗಿದ್ದದ್ದು ತೆಗೆಯುವಾಗ ಉಚ್ಚೆ ಕುಡಿದು ಮೂರು ಪಟ್ಟು ಭಾರವಾಗಿರುತ್ತದೆ. ಮುಳ್ಳುಗೋಲಿಗೆ ಬಾರದ್ದನ್ನು ಕೈಯಿಂದ ಬಾಚಬೇಕು. ಉಗುರಿನ ಸಂದಿಗೆ ಸೇರಿದ್ದು ವಾರವಾದರೂ ಹೋಗುವುದಿಲ್ಲ. ಎಷ್ಟು ಬಾಚಿದರೂ ಒಂದಿಷ್ಟು ಹುಲ್ಲು ನೆಲದ ಸೀಳುಗಳಿಂದ ಕೆಳಗಿನ ರೊಚ್ಚುಕಾಲುವೆಗೆ ಬಿದ್ದು ಹೋಗುತ್ತದೆ. ಆ ಕಾಲುವೆ ಸಗಣಿ ಗಂಜಲಕ್ಕೆಂದು ಕಟ್ಟಿದ್ದು, ಹುಲ್ಲಿಗೆ ಅಲ್ಲ. ಹುಲ್ಲು ಅಲ್ಲಿ ಬಿರಡೆಯಂತೆ ಕಟ್ಟಿಕೊಳ್ಳುತ್ತದೆ. ಆಗ ಯಾರಾದರೂ ಮುಚ್ಚಳ ತೆಗೆದು, ಉದ್ದನೆ ಕೋಲಿನಿಂದ ತಿವಿದು ಬಿಡಿಸಬೇಕು.

ಯಾರಾದರೂ ಎಂದರೆ ನೇಲು.

ಕಳೆದ ಅಕ್ಟೋಬರ್ ಹದಿನಾಲ್ಕರಂದು ಅವನು ಮುಚ್ಚಳ ತೆಗೆದ. ಕೋಲಿಗೆ ಎಟುಕಲಿಲ್ಲ. ಒಂದು ಕಾಲು ಏಣಿಯ ಮೇಲಿಟ್ಟು ಬಗ್ಗಿದ. ಅಷ್ಟೇ.

ಒತಿಲಿಯಾ ಯಾಶ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವಳು. ರೊಮೇನಿಯಾದ ಆ ಪದವಿ ಉತ್ತರ ಜರ್ಮನಿಯ ಈ ಹಂದಿಸೀಮೆಯಲ್ಲಿ ಕೊಟ್ಟಿಗೆ ತೊಳೆಯುವ ಕೆಲಸಕ್ಕೆ ಸಾಕಾಗಿತ್ತು. ಆರು ವರ್ಷದಿಂದ ತೊಳೆಯುತ್ತಿದ್ದಳು. ಓದಿದ್ದರಿಂದ ಆದ ಲಾಭ ಒಂದೇ. ತನ್ನ ಗಂಡ ಹೇಗೆ ಸತ್ತ ಎಂಬುದು ಅವಳಿಗೆ ಸರಿಯಾಗಿ ಗೊತ್ತಿತ್ತು. ರೊಚ್ಚು ಕದಡಿದಾಗ ಏಳುವ ಗಾಳಿ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಇನ್ನೂ ಹೆಚ್ಚಾದರೆ ಮೂಗು ಸಾಯುತ್ತದೆ. ವಾಸನೆ ನಿಂತಿತು, ಗಾಳಿ ತಿಳಿಯಾಯಿತು ಎಂದುಕೊಳ್ಳುತ್ತಾನೆ ಮನುಷ್ಯ. ಆಮೇಲೆ ಎರಡು ಉಸಿರು.

ಆವತ್ತಿನಿಂದ ಅವಳಿಗೂ ಯಾವ ವಾಸನೆಯೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೆಲಸಕ್ಕೆ ಅದು ಅನುಕೂಲವೇ ಆಯಿತು.

ಅಪಘಾತ ವಿಮೆಯ ಕಚೇರಿಯಿಂದ ಡಿಸೆಂಬರಿನಲ್ಲಿ ಕಾಗದ ಬಂತು. ಬಹಳ ಮರ್ಯಾದೆಯ ಕಾಗದ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದು ಶುರುವಾಗಿತ್ತು. ನಾಲ್ಕನೇ ಕೊಟ್ಟಿಗೆ ಹುಲ್ಲುಹಾಸಿನ ಕೊಟ್ಟಿಗೆಯೆಂದೂ ಅಲ್ಲಿ ರೊಚ್ಚಿನ ಕೆಲಸವೇ ಇರುವುದಿಲ್ಲವೆಂದೂ ಮಾಲೀಕರು ಹೇಳಿದ್ದಾರೆ. ನೇಲು ಮುಂತ್ಯಾನು ಹಳೆಯ, ಬಳಕೆಯಲ್ಲಿಲ್ಲದ ಗುಂಡಿಗೆ ಬಹುಶಃ ಬಿದ್ದ ಮೊಬೈಲನ್ನು ಎತ್ತಿಕೊಳ್ಳಲು ಇಳಿದಿರಬಹುದು. ಇದು ಕೆಲಸವಲ್ಲ, ಸ್ವಂತದ ವ್ಯವಹಾರ. ಆದ್ದರಿಂದ ಇದು ಕೆಲಸದ ಮೇಲಿನ ಸಾವಲ್ಲ. ಆದ್ದರಿಂದ ವಿಧವಾ ಪಿಂಚಣಿ ಇಲ್ಲ. ಆಕ್ಷೇಪಣೆ ಇದ್ದರೆ ಪುರಾವೆಯೊಂದಿಗೆ ಬರೆಯಿರಿ.

ನೇಲುವಿನ ಮೊಬೈಲು ಆವತ್ತು ಅಡುಗೆಮನೆಯ ಮೇಜಿನ ಮೇಲೆ ಚಾರ್ಜಿಗೆ ಹಾಕಿತ್ತು. ಈಗಲೂ ಅಲ್ಲೇ ಇತ್ತು. ಒತಿಲಿಯಾ ಅದನ್ನು ಬರೆದು ಕಳಿಸಿದಳು. ಮೊಬೈಲು ಮೇಜಿನ ಮೇಲೆ ಇದ್ದದ್ದಕ್ಕೆ ಪುರಾವೆ ಏನು ಎಂದು ಉತ್ತರ ಬಂತು.

ಊರಿನಿಂದ ಅತ್ತೆ ಫೋನು ಮಾಡಿದಳು. ಕಾಗದದ ಸುದ್ದಿ ಅಲ್ಲಿಗೂ ಹೇಗೋ ಮುಟ್ಟಿತ್ತು.

"ಜನ ಏನೇನೋ ಅಂತಾರಮ್ಮ," ಎಂದಳು ಮುದುಕಿ. "ಫೋನಿಗೋಸ್ಕರ ಹೇಲುಗುಂಡಿಗೆ ಇಳಿದನಂತೆ, ಕುಡಿದಿದ್ದನಂತೆ ಅಂತ. ಪಾದ್ರಿನೂ ಕೇಳಿದ. ನೀನೇ ಹೇಳು. ನನ್ನ ಮಗ ಯಾಕೆ ಇಳಿದ?"

"ಕೆಲಸಕ್ಕೆ ಇಳಿದ್ರು ಅತ್ತೆ."

"ಹಾಗಂತ ಎಲ್ಲಾದ್ರೂ ಬರಕೊಟ್ಟಿದ್ದಾರಾ?"

ಬರೆದುಕೊಟ್ಟಿರಲಿಲ್ಲ. ಒತಿಲಿಯಾಳಿಗೆ ಬೇಕಾಗಿದ್ದದ್ದು ಅದೊಂದೇ. ಎಲ್ಲಾದರೂ ಬರೆದಿರಬೇಕು.

ನಾಲ್ಕನೇ ಕೊಟ್ಟಿಗೆ ಹೇಗಿದೆ, ಅದರ ನೆಲ ಎಂಥದ್ದು, ತಪಾಸಣೆ ಯಾವತ್ತು ನಡೆಯಿತು, ಹುಲ್ಲು ಯಾವತ್ತು ಬಿತ್ತು, ಇದೆಲ್ಲ ಕೃಷಿ ಕಚೇರಿಯ ಸಬ್ಸಿಡಿ ಕಡತದಲ್ಲಿ ಇದ್ದೇ ಇರುತ್ತದೆ. ಜನರ ತೆರಿಗೆಯ ದುಡ್ಡು. ಯಾರಿಗೆ ಎಷ್ಟು ಕೊಟ್ಟೆವು ಎಂದು ಸರ್ಕಾರವೇ ಕಂಪ್ಯೂಟರಿನಲ್ಲಿ ಹಾಕುತ್ತದೆ. ಒತಿಲಿಯಾ ನೋಡಿದಳು. ಬ್ರಾಮ್‌ಕಾಂಪನ ಹೆಸರಿತ್ತು, ಊರಿತ್ತು, ಮೊತ್ತವಿತ್ತು. ಯಾವ ಕೊಟ್ಟಿಗೆಗೆ, ಏನು ಹೇಳಿ ತೆಗೆದುಕೊಂಡ, ಅದು ಇರಲಿಲ್ಲ. ಅಂಗಡಿಯ ಬೋರ್ಡು ನೋಡಬಹುದು, ಒಳಗೆ ಬರಬಾರದು.

ಜನವರಿಯಲ್ಲಿ ಅವಳು ಕಚೇರಿಗೆ ಹೋದಳು. ಕಿಟಕಿಯ ಹಿಂದೆ ಫ್ರಾವ್ ವೆಸ್ಸೆಲ್ಸ್, ಎಂದರೆ ಶ್ರೀಮತಿ ವೆಸ್ಸೆಲ್ಸ್. ಕೊರಳಲ್ಲಿ ಕನ್ನಡಕದ ಸರ, ಮೇಜಿನ ಮೇಲೆ ಒಂದು ಕಳ್ಳಿಗಿಡ.

"ಈ ಕಡತ ಯಾಕೆ ಬೇಕು ನಿಮಗೆ?"

"ನನ್ನ ಗಂಡ ಆ ಕೊಟ್ಟಿಗೇಲಿ ಸತ್ರು."

"ಅಯ್ಯೋ. ಪಾಪ." ಫ್ರಾವ್ ವೆಸ್ಸೆಲ್ಸ್ ಕನ್ನಡಕ ಕಳಚಿ ಎದೆಯ ಮೇಲೆ ಇಳಿಬಿಟ್ಟಳು. "ಆದರೆ ಇದು ಹೆರ್ ಬ್ರಾಮ್‌ಕಾಂಪ್ ಅವರ ಖಾಸಗಿ ಮಾಹಿತಿ. ಅವರ ಕೊಟ್ಟಿಗೆ, ಅವರ ಹಂದಿ, ಅವರ ವ್ಯವಹಾರ. ಯಾರೋ ಬಂದು ಕೇಳಿದ್ರು ಅಂತ ತೆಗೆದು ತೋರಿಸೋಕಾಗುತ್ತಾ? ನಾಳೆ ನಿಮ್ಮ ಕಡತ ಯಾರಾದ್ರೂ ಕೇಳಿದ್ರೆ ನಿಮಗೆ ಹೇಗಾಗುತ್ತೆ?"

"ಕೇಳಿದಾರೆ. ತೋರಿಸಿದೀನಿ."

ಅದು ಸುಳ್ಳಲ್ಲ. ನೇಲು ಸತ್ತ ಮೇಲೆ ಒಬ್ಬಳ ಕೂಲಿಯಲ್ಲಿ ಬಾಡಿಗೆ, ಊಟ ಆಗದೆ ಅವಳು ಸರ್ಕಾರದ ನೆರವಿಗೆ ಬರೆದುಕೊಂಡಿದ್ದಳು. ನೆರವಿನ ಕಚೇರಿಗೆ ಅವಳ ಮೂರು ತಿಂಗಳ ಬ್ಯಾಂಕಿನ ಕಾಗದ ಬೇಕಾಯಿತು. ಎಲ್ಲಿ ಬ್ರೆಡ್ಡು ತಗೊಂಡೆ, ಎಲ್ಲಿ ಮೇಣದ ಬತ್ತಿ ತಗೊಂಡೆ, ಒಂದು ಸಾಲೂ ಮುಚ್ಚುವ ಹಾಗಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಲ್ಲಿಂದಲೇ ಇಬ್ಬರು ಬಂದರು. ಒಬ್ಬ ಗಂಡಸು, ಒಬ್ಬಳು ಹುಡುಗಿ. ಫೋನಿಲ್ಲ, ಎರಡು ದಿನದ ಮುಂಚಿನ ಮಾತಿಲ್ಲ. ಬಾಗಿಲಲ್ಲಿ ಗಂಡಸಿನ ರಬ್ಬರ್ ಬೂಟು ಕಂಡಿತ್ತು ಅವರಿಗೆ.

"ಇದು ಯಾರದು?"

"ಗಂಡಂದು."

"ಗಂಡ ಇಲ್ಲ ಅಂತ ಬರೆದಿದ್ದೀರಿ."

"ಗಂಡ ಇಲ್ಲ. ಬೂಟು ಇದೆ."

ಹುಡುಗಿ ಬಚ್ಚಲಿಗೆ ಹೋಗಿ ಟೂತ್‌ಬ್ರಷ್ ಎಣಿಸಿದಳು. ಎರಡಿದ್ದವು. ಮುಟ್ಟಿ ನೋಡಿದಳು, ಒಂದು ಒಣಗಿತ್ತು. ಬರೆದುಕೊಂಡಳು. ಗಂಡಸು ಮಂಚದ ಎರಡೂ ಬದಿಯ ದಿಂಬನ್ನು ಒತ್ತಿ ನೋಡಿದ. ಬೀರುವಿನ ಅರೆ ತೆಗೆದು ಒಳಬಟ್ಟೆಗಳನ್ನು ಪೆನ್ನಿನಿಂದ ಸರಿಸಿದ. ಪಾತ್ರೆಯ ಮುಚ್ಚಳ ಎತ್ತಿ ಮೆಕ್ಕೆಜೋಳದ ಮುದ್ದೆ ನೋಡಿದ. ಒಬ್ಬಳಿಗೆ ಇಷ್ಟು ಜಾಸ್ತಿಯಲ್ಲವೇ ಎಂದು ಕೇಳಿದ.

"ಎರಡು ದಿನಕ್ಕೆ ಮಾಡಿದ್ದು," ಎಂದಳು ಒತಿಲಿಯಾ. "ಬೇಕಾದ್ರೆ ಅರ್ಧ ಕಡತಕ್ಕೆ ಹಾಕ್ಕೊಳ್ಳಿ."

ಫ್ರಾವ್ ವೆಸ್ಸೆಲ್ಸ್‌ಗೆ ಇದನ್ನೆಲ್ಲ ಹೇಳಿ ಪ್ರಯೋಜನವಿರಲಿಲ್ಲ. ಅದು ಬೇರೆ ಇಲಾಖೆ. ಒತಿಲಿಯಾ ಅರ್ಜಿ ಬರೆದುಕೊಟ್ಟು ಬಂದಳು.

ಉತ್ತರ ಮಾರ್ಚಿನಲ್ಲಿ ಬಂತು. ನಾಲ್ಕು ಪುಟ. ಮೊದಲ ಎರಡು ಪುಟ ಬ್ರಾಮ್‌ಕಾಂಪನ ವ್ಯಾಪಾರದ ಗುಟ್ಟಿನ ಬಗ್ಗೆ. ಮೂರನೆಯದರಲ್ಲಿ ಹೊಸ ಕಾರಣ. ಕಡತದಲ್ಲಿ ಹುಲ್ಲು ಹಾಸುವ ಜವಾಬ್ದಾರಿ ಹೊತ್ತ ಒಬ್ಬ ಕೆಲಸಗಾರರ ದೈನಂದಿನ ಸಹಿಗಳಿವೆ. ಸದರಿ ವ್ಯಕ್ತಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಖಾಸಗಿ ಮಾಹಿತಿಯನ್ನು ಮೂರನೆಯವರಿಗೆ ಕೊಡಲು ಬರುವುದಿಲ್ಲ. ನಾಲ್ಕನೆಯದರಲ್ಲಿ ಕಾನೂನಿನ ಕಲಮುಗಳು. ಅರ್ಜಿದಾರರು ತಮ್ಮ ಬಗ್ಗೆ ಇರುವ ಮಾಹಿತಿಯನ್ನು ಮಾತ್ರ ಕೇಳಬಹುದು, ತಮ್ಮ ಬಗ್ಗೆ ಈ ಕಡತದಲ್ಲಿ ಏನೂ ಇಲ್ಲ.

ಅವಳು ಮತ್ತೆ ಕಿಟಕಿಗೆ ಹೋದಳು.

"ಒಪ್ಪಿಗೆ ತರ್ತೀನಿ. ಆ ಕೆಲಸಗಾರ ಯಾರು?"

"ಅದನ್ನ ಹೇಳೋ ಹಾಗಿಲ್ಲ ಫ್ರಾವ್ ಮುಂತ್ಯಾನು. ಅದೇ ಅಲ್ವಾ ಖಾಸಗಿ ಮಾಹಿತಿ."

"ಹೆಸರು ಹೇಳದೆ ನಾನು ಯಾರ ಹತ್ರ ಕೇಳಲಿ?"

"ಅದು ನನಗೂ ಗೊತ್ತಾಗ್ತಿಲ್ಲ," ಎಂದಳು ಫ್ರಾವ್ ವೆಸ್ಸೆಲ್ಸ್. ಹೇಳುವಾಗ ಕಣ್ಣು ಕಳ್ಳಿಗಿಡದ ಮೇಲಿತ್ತು.

ಒತಿಲಿಯಾ ಊಹಿಸಲು ನೋಡಿದಳು. ದಿನಾ ಹುಲ್ಲು ಹಾಸುವವನು. ದಿನಾ ಹುಲ್ಲು ಹಾಸುವವರು ಆ ಫಾರ್ಮಿನಲ್ಲಿ ಯಾರೂ ಇರಲಿಲ್ಲ. ಹುಲ್ಲೇ ಇರಲಿಲ್ಲ.

"ಯಾರೋ ಇರಬೇಕು," ಎಂದಳು ಫ್ಲೋರಿಕಾ ಸತ್ತ ಮರಿಗಳನ್ನು ಬಕೆಟ್ಟಿಗೆ ಹಾಕುತ್ತ. "ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ. ಸಂಬಳ ಕೇಳಲ್ಲ, ಸೊಂಟ ನೋವು ಅನ್ನಲ್ಲ. ಇಂಥೋನು ನನಗೂ ಒಬ್ಬ ಸಿಕ್ಕಿದ್ರೆ ಮದುವೆ ಆಗ್ತಿದ್ದೆ ಕಣೇ."

ಜೂನ್ ತಿಂಗಳಲ್ಲಿ ಊರಿನ ಬಂದೂಕು ಸಂಘದ ಹಬ್ಬ. ಕಂಬದ ತುದಿಯ ಮರದ ಹಕ್ಕಿಗೆ ಗುಂಡು ಹೊಡೆದು ಬೀಳಿಸಿದವನು ಆ ವರ್ಷದ ರಾಜ. ಈ ಸಲ ಬೀಳಿಸಿದವನು ಬ್ರಾಮ್‌ಕಾಂಪ್. ರಾಜನಾದವನು ಎರಡು ವಾರ ಬೆಳ್ಳಿಯ ಸರ ಹಾಕಿಕೊಂಡು ಮನೆ ಮನೆಯಲ್ಲಿ ಕುಡಿಯಬೇಕು, ಬ್ಯಾಂಡಿನವರಿಗೆ ಕುಡಿಸಬೇಕು, ಅಕ್ಕಪಕ್ಕದ ಊರಿನ ರಾಜರ ಮೆರವಣಿಗೆಯಲ್ಲಿ ನಡೆಯಬೇಕು. ಬೇರೆ ಯಾವ ಕೆಲಸಕ್ಕೂ ಬಿಡುವಿರುವುದಿಲ್ಲ. ಹಬ್ಬದ ಕೊನೆಯ ಭಾನುವಾರ ಅವನ ಹೆಂಡತಿ ಕಚೇರಿಯ ಫೋನು ಬಂದದ್ದನ್ನು ಜ್ಞಾಪಿಸಿದಳು. ಮಂಗಳವಾರ ಈ ವರ್ಷದ ತಪಾಸಣೆ.

ಮಂಗಳವಾರ ಐದಕ್ಕೆ ಒತಿಲಿಯಾ ಹುಲ್ಲು ಹೊತ್ತಳು. ಈ ಸಲ ಮೂವರ ಹೊರೆ ಇಬ್ಬರಿಗೆ. ಹುಲ್ಲಿನ ಕಟ್ಟಿನ ದಾರ ಅಂಗೈ ಕೊಯ್ಯಿತು. ಧೂಳು ಗಂಟಲಿಗೆ ಇಳಿಯಿತು. ನೇಲು ಬಗ್ಗಿದ ಮುಚ್ಚಳದ ಮೇಲೂ ಹಾಸಬೇಕಿತ್ತು. ಅಲ್ಲಿ ಎರಡು ಕಟ್ಟು ಹೆಚ್ಚಿಗೆ ಹಾಕಿ ಎಂದು ಬ್ರಾಮ್‌ಕಾಂಪ್ ಹೇಳಿದ್ದ. ಹಾಸಿದಳು. ಒಂದು ಹಂದಿ ಬಂದು ಅದರ ಮೇಲೆ ಮಲಗಿತು.

ಒಂಬತ್ತಕ್ಕೆ ತಪಾಸಣೆಯ ಥೋಲೆ ಬಂದ. ಬಿಳಿ ಮೇಲುಡುಗೆ, ಬೂಟಿಗೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಟ್ಯಾಬ್ಲೆಟ್. ಹುಲ್ಲಿನ ಫೋಟೋ ತೆಗೆದ, ಹಂದಿಯ ಫೋಟೋ ತೆಗೆದ. ಅವನು ಹನ್ನೊಂದು ವರ್ಷದಿಂದ ಬರುತ್ತಿದ್ದ. ಪ್ರತಿ ಸಲವೂ ಹುಲ್ಲು ಹೊಚ್ಚ ಹೊಸದಾಗಿರುವುದು ಅವನಿಗೆ ಒಮ್ಮೆಯೂ ಆಶ್ಚರ್ಯ ತಂದಿರಲಿಲ್ಲ.

"ಇನ್ನು ಪುಸ್ತಕ," ಎಂದ.

ಕೊಟ್ಟಿಗೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಬ್ರಾಮ್‌ಕಾಂಪ್ ಕೂತಿದ್ದ. ಕಣ್ಣು ಇನ್ನೂ ಕೆಂಪು. ಮುಂದೆ ಒಂದು ಉದ್ದನೆ ಪುಸ್ತಕ. ಅವನು ಬಾಗಿಲಿಗೆ ಬಂದು ಒತಿಲಿಯಾಳನ್ನು ಕರೆದ. ಕೈ ತೊಳೆದುಕೊಂಡು ಬಾ ಎಂದ. ಆರು ವರ್ಷದಲ್ಲಿ ಮೊದಲ ಬಾರಿಗೆ ಕುರ್ಚಿ ತೋರಿಸಿದ. ಅವಳು ನಿಂತೇ ಇದ್ದಳು.

"ಒಂದು ಸಣ್ಣ ಕೆಲಸ," ಎಂದ ತಗ್ಗಿದ ದನಿಯಲ್ಲಿ. "ಹಬ್ಬದ ಗಲಾಟೇಲಿ ಎರಡು ವಾರದ್ದು ಉಳಿದುಹೋಯ್ತು. ಇಲ್ಲಿ, ಈ ಸಾಲಲ್ಲಿ, ಹದಿನಾಲ್ಕು ಸಲ ಮುಂತ್ಯಾನು ಅಂತ ಹಾಕು. ಹೊರಗೆ ಆ ಮನುಷ್ಯ ಕಾಯ್ತಿದಾನೆ. ನನ್ನ ಕೈ ಇವತ್ತು ನಡುಗುತ್ತೆ."

ಅವಳು ಪುಸ್ತಕ ನೋಡಿದಳು. ಸರ್ಕಾರದ ಪುಸ್ತಕ, ಪುಟಕ್ಕೆ ಅಚ್ಚು ಹಾಕಿದ ನಂಬರು. ತಾರೀಕು, ಹೊತ್ತು, ಹಾಸಿದ ಹುಲ್ಲು, ಸಹಿ, ಷರಾ. ಜವಾಬ್ದಾರಿ ಹೊತ್ತವರ ಹೆಸರು ಮೇಲೆ ದಪ್ಪಕ್ಷರದಲ್ಲಿತ್ತು. ನೇಲು ಮುಂತ್ಯಾನು. ಪಕ್ಕದಲ್ಲಿ ತರಬೇತಿಯ ಪ್ರಮಾಣಪತ್ರದ ನಂಬರು. ನೆನಪಾಯಿತು. ಮೂರು ವರ್ಷದ ಹಿಂದೆ ನೇಲುವನ್ನು ಒಂದು ದಿನದ ಹಂದಿಸುಖದ ತರಬೇತಿಗೆ ಕಳಿಸಿದ್ದರು. ನಗುವ ಹಂದಿಯ ಚಿತ್ರವಿದ್ದ ಕಾಗದ ತಂದು ಗೋಡೆಗೆ ಅಂಟಿಸಿದ್ದ. ಮಧ್ಯಾಹ್ನ ಒಳ್ಳೆ ಊಟ ಹಾಕಿದ್ದರು ಎಂದಿದ್ದ, ಹಂದಿಮಾಂಸ.

ಆ ಫಾರ್ಮಿನಲ್ಲಿ ಆ ಕಾಗದ ಇದ್ದದ್ದು ಅವನೊಬ್ಬನಿಗೆ. ಅವನು ಸತ್ತ ಎಂದರೆ ಇನ್ನೊಬ್ಬನನ್ನು ತರಬೇತಿಗೆ ಕಳಿಸಬೇಕು, ಸಬ್ಸಿಡಿಗೆ ಹೊಸ ಅರ್ಜಿ ಹಾಕಬೇಕು, ಒಂದು ವರ್ಷ ಕಾಯಬೇಕು. ಆದ್ದರಿಂದ ಅವನು ಸಾಯಲಿಲ್ಲ.

ಪುಟ ಹಿಂದಕ್ಕೆ ತಿರುವಿದಳು. ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಆರೂವರೆ, ಹುಲ್ಲು ಹಾಸಿದೆ, ಎನ್. ಮುಂತ್ಯಾನು. ಹದಿನೈದು, ಆರೂವರೆ. ಹದಿನಾರು, ಆರೂವರೆ. ಅವನ ಶವಪೆಟ್ಟಿಗೆ ಊರಿಗೆ ಹೊರಟ ವ್ಯಾನಿನಲ್ಲಿ ಹಂಗೇರಿ ದಾಟುತ್ತಿದ್ದ ದಿನ, ಆರೂವರೆ. ಮಣ್ಣು ಮಾಡಿದ ದಿನ, ಆರೂವರೆ. ಕ್ರಿಸ್‌ಮಸ್ಸಿನಲ್ಲೂ ಬಂದಿದ್ದ. ಹೊಸ ವರ್ಷದ ದಿನವೂ ಬಂದಿದ್ದ. ಬದುಕಿದ್ದಾಗ ವರ್ಷಕ್ಕೆರಡು ಸಲ ಜ್ವರ ಬಂದು ಮಲಗುತ್ತಿದ್ದವನು ಸತ್ತ ಮೇಲೆ ಒಂದು ದಿನವೂ ರಜೆ ಹಾಕಿರಲಿಲ್ಲ.

ಒಪ್ಪಿಗೆ ಪತ್ರ ತರಬೇಕಾಗಿದ್ದ ಆ ಮನುಷ್ಯ ಇವನು. ಐದು ತಿಂಗಳು ಸರ್ಕಾರ ಅವಳಿಂದ ಕಾಪಾಡಿಕೊಂಡು ಬಂದದ್ದು ಅವಳ ಗಂಡನನ್ನು.

"ಇವರು ಸತ್ತಿದಾರೆ," ಎಂದಳು.

"ಗೊತ್ತಮ್ಮ. ನಾನೇ ಹೂವಿನ ಹಾರ ಕಳಿಸಿದ್ದೆ." ಬ್ರಾಮ್‌ಕಾಂಪ್ ಪೆನ್ನು ಅವಳ ಕೈಗಿಟ್ಟ. "ಇದು ಬರೀ ಕಾಗದ. ನೀನೂ ಮುಂತ್ಯಾನುನೇ ಅಲ್ವಾ? ಹೆಸರಿನ ಮುಂದಿನ ಒಂದು ಅಕ್ಷರ ಯಾರು ನೋಡ್ತಾರೆ? ನೋಡು, ಮನೆ ಕೊಟ್ಟಿದೀನಿ. ಅವನು ಹೋದ ಮೇಲೂ ಖಾಲಿ ಮಾಡು ಅಂದೆನಾ? ಅನ್ನಲಿಲ್ಲ. ನಾನು ಮನುಷ್ಯ."

"ಮೊಬೈಲಿಗೆ ಇಳಿದ್ರು ಅಂತ ನೀವೇ ಹೇಳಿದ್ದು."

"ಏನೋ ಒಂದು ಹೇಳಲೇಬೇಕಿತ್ತಲ್ಲ."

ಅದನ್ನು ಅವನು ಸಮಾಧಾನವಾಗಿಯೇ ಹೇಳಿದ. ಅವಳು ಸಮಾಧಾನವಾಗಿಯೇ ಕೇಳಿದಳು. ಆಮೇಲೆ ಕುರ್ಚಿ ಎಳೆದು ಕೂತಳು.

ಸಹಿಯ ಸಾಲಿನಲ್ಲಿ ಬರೆಯಲಿಲ್ಲ. ಪಕ್ಕದ ಷರಾ ಎಂಬ ಅಗಲವಾದ ಜಾಗ ಪುಸ್ತಕದ ಮೊದಲಿನಿಂದ ಖಾಲಿ ಇತ್ತು. ಅಲ್ಲಿ ಬರೆದಳು. ಯಾಶ್‌ನಲ್ಲಿ ಪ್ರಯೋಗದ ವರದಿ ಬರೆಯುತ್ತಿದ್ದ ಹಾಗೆ, ಚಿಕ್ಕ ನೇರ ಅಕ್ಷರದಲ್ಲಿ, ಜರ್ಮನ್ ಭಾಷೆಯಲ್ಲಿ.

'ನಾನು ಒತಿಲಿಯಾ ಮುಂತ್ಯಾನು. ಈ ಕೊಟ್ಟಿಗೆ ತೊಳೆಯುವವಳು. ನನ್ನ ಗಂಡ ನೇಲು ಮುಂತ್ಯಾನು ಅಕ್ಟೋಬರ್ ೧೪ರಂದು ಈ ನೆಲದ ಕೆಳಗಿನ ರೊಚ್ಚುಕಾಲುವೆಯಲ್ಲಿ ಸತ್ತರು. ಹಿಂದಿನ ದಿನ ತಪಾಸಣೆಗೆಂದು ನಾವು ಹಾಕಿದ ಹುಲ್ಲು ಅಲ್ಲಿ ಕಟ್ಟಿಕೊಂಡಿತ್ತು, ಅದನ್ನು ಬಿಡಿಸುವುದು ಅವರ ಕೆಲಸ. ಅದಾದ ಮೇಲೆ ಇವತ್ತಿನವರೆಗೆ ಇಲ್ಲಿ ಹುಲ್ಲು ಹಾಕಿಲ್ಲ. ಇವತ್ತು ಬೆಳಿಗ್ಗೆ ಐದಕ್ಕೆ ನಾನು ಹಾಕಿದೆ. ನಾಳೆ ತೆಗೆಯಲು ಹೇಳಿದ್ದಾರೆ.'

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಅಷ್ಟು ಹೊತ್ತಿಗೆ ಥೋಲೆ ಬಾಗಿಲಲ್ಲಿ ನಿಂತಿದ್ದ. ಬ್ರಾಮ್‌ಕಾಂಪ್ ಪುಸ್ತಕ ಎಳೆದುಕೊಂಡು ಓದಿದ. ಪುಟದ ಮೂಲೆ ಹಿಡಿದ.

"ಪುಟದ ಮೇಲೆ ನಂಬರಿದೆ ಹೆರ್ ಬ್ರಾಮ್‌ಕಾಂಪ್," ಎಂದ ಥೋಲೆ. "ಒಂದು ಕಡಿಮೆಯಾದ್ರೆ ಕೈಯಲ್ಲಿರೋ ಈ ಮೆಷಿನ್ ಮುಂದಕ್ಕೆ ಹೋಗಲ್ಲ."

"ಇವಳಿಗೆ ತಲೆ ಸರಿಯಿಲ್ಲ. ಗಂಡ ಸತ್ತಾಗಿನಿಂದ ಹೀಗೆ. ಈ ಬರಹ ಹೊಡೆದು ಹಾಕಿಬಿಡ್ತೀನಿ."

"ಹೊಡೆದು ಹಾಕಬಹುದು." ಥೋಲೆ ಗಂಟಲು ಸರಿಮಾಡಿಕೊಂಡ. "ಆದ್ರೆ ಬರೆದವರೇ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಬೇಕು. ನಿಯಮ."

ಇಬ್ಬರೂ ಅವಳನ್ನು ನೋಡಿದರು. ಬ್ರಾಮ್‌ಕಾಂಪ್ ಮತ್ತೆ ಪೆನ್ನು ಚಾಚಿದ.

"ಹೊಡೆದು ಹಾಕು."

"ಇಲ್ಲ."

"ಮನೆ ಹೋಗುತ್ತೆ. ಯೋಚನೆ ಮಾಡು."

"ಹೋಗ್ಲಿ."

"ನಿನಗೆ ಏನು ಬೇಕು ಹೇಳು."

ಅವಳು ಎದ್ದು ನಿಂತಳು. ಮೊಣಕಾಲಿಗೆ ಹುಲ್ಲು ಅಂಟಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಾಳೆ ಇದನ್ನ ನಾನು ಬಾಚಲ್ಲ. ನೀವು ಬಾಚಿ. ಕಟ್ಟಿಕೊಂಡ್ರೆ ಮುಚ್ಚಳ ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ."

ಥೋಲೆ ಟ್ಯಾಬ್ಲೆಟ್ ಎತ್ತಿ ಪುಟದ ಫೋಟೋ ತೆಗೆದ. ಧೈರ್ಯ ಬಂದು ತೆಗೆದದ್ದಲ್ಲ. ಷರಾ ತುಂಬಿದ್ದರೆ ಫೋಟೋ ತೆಗೆಯದೆ ಮೆಷಿನ್ ಮುಂದಿನ ಪ್ರಶ್ನೆಗೆ ಹೋಗುತ್ತಿರಲಿಲ್ಲ. ಹೊರಗೆ ಬಂದಾಗ ಅವಳ ಕಡೆ ನೋಡದೆ, ಬೂಟಿನ ಪ್ಲಾಸ್ಟಿಕ್ ಕಳಚುತ್ತ ಹೇಳಿದ.

"ನಾನು ನೆಲದ ಮೇಲಿರೋದನ್ನ ಮಾತ್ರ ನೋಡಬೇಕು. ಕೆಳಗಿಂದು ನನ್ನ ಪಟ್ಟೀಲಿಲ್ಲ."

"ನನ್ನ ಗಂಡ ಕೆಳಗೇ ಸತ್ತಿದ್ದು," ಎಂದಳು. "ತಪ್ಪು ಅವರದೇ ಇರಬೇಕು."

ಕೆಲಸ ಆವತ್ತೇ ಹೋಯಿತು. ಮನೆಗೆ ಎರಡು ವಾರದ ಗಡುವು. ಒತಿಲಿಯಾ ಎರಡು ಚೀಲ, ನೇಲುವಿನ ಬೂಟು ತೆಗೆದುಕೊಂಡು ಫ್ಲೋರಿಕಾಳ ಕೋಣೆಗೆ ಹೋದಳು. ಫ್ಲೋರಿಕಾ ಬಾಗಿಲಲ್ಲೇ ಬೈದಳು.

"ಬುದ್ಧಿ ಇದೆಯೇನೇ ನಿನಗೆ? ಹದಿನಾಲ್ಕು ಸಹಿ. ಗೀಚಿ ಬಿಸಾಕಿದ್ರೆ ಆಗ್ತಿತ್ತು."

"ಗೀಚಿದ್ರೆ ಇನ್ನೂ ಬದುಕಿರ್ತಿದ್ರು ಅಕ್ಕ. ಬ್ರಾಮ್‌ಕಾಂಪನ ಕೆಲಸಕ್ಕೆ."

ಫ್ಲೋರಿಕಾ ಮಂಚದ ಮೇಲಿನ ತನ್ನ ಬಟ್ಟೆಗಳನ್ನು ಒಂದು ಕಡೆಗೆ ಸರಿಸಿದಳು.

"ಗೋಡೆ ಕಡೆ ನೀನು ಮಲಗು. ನಾನು ಗೊರಕೆ ಹೊಡೀತೀನಿ. ಇದು ಖಾಸಗಿ ಮಾಹಿತಿ, ಯಾರಿಗೂ ಹೇಳಬೇಡ."

ಮಾರನೆಯ ವಾರ ಒತಿಲಿಯಾ ಕೃಷಿ ಕಚೇರಿಯ ಕಿಟಕಿಗೆ ಹೋದಳು. ಈ ಸಲ ಕೇಳಿದ್ದು ಬೇರೆ ಅರ್ಜಿ. ತನ್ನ ಬಗ್ಗೆ ಕಚೇರಿಯಲ್ಲಿ ಇರುವ ಮಾಹಿತಿಯ ಪ್ರತಿ.

"ಹೋದ ಸಲವೇ ಹೇಳಿದ್ವಲ್ಲ ಫ್ರಾವ್ ಮುಂತ್ಯಾನು, ನಿಮ್ಮ ಬಗ್ಗೆ ಏನೂ..." ಎನ್ನುತ್ತ ಫ್ರಾವ್ ವೆಸ್ಸೆಲ್ಸ್ ಕೀಲಿಗಳನ್ನು ಒತ್ತಿದಳು. ಕನ್ನಡಕ ಹಾಕಿಕೊಂಡಳು. ಓದಿದಳು. ಎರಡನೆಯ ಸಲ ಓದಿದಳು.

"ನಿಮ್ಮ ಹೆಸರು ಇದೆ," ಎಂದಳು.

"ಗಂಡನ ಮರಣ ಪ್ರಮಾಣಪತ್ರ ತಂದಿದೀನಿ. ಇನ್ನಾದ್ರೂ ಅವರ ಒಪ್ಪಿಗೆ ಬೇಕಾಗಲ್ಲ ಅಲ್ವಾ? ಪೂರ್ತಿ ಕಡತ ಕೊಡಿ."

ಫ್ರಾವ್ ವೆಸ್ಸೆಲ್ಸ್ ಆ ಕಾಗದ ಮುಟ್ಟಲಿಲ್ಲ. "ಅದನ್ನ ನಿಮ್ಮಿಂದ ತಗೊಳ್ಳೋಕೆ ನನಗೆ ಅಧಿಕಾರ ಇಲ್ಲ. ಕೆಲಸಗಾರರು ತೀರಿಕೊಂಡ್ರೆ ಸಬ್ಸಿಡಿ ತಗೊಳ್ಳೋ ಅರ್ಜಿದಾರರೇ ತಿಳಿಸಬೇಕು. ಹೆರ್ ಬ್ರಾಮ್‌ಕಾಂಪ್ ಇನ್ನೂ ತಿಳಿಸಿಲ್ಲ. ಅಲ್ಲಿವರೆಗೆ ನಮ್ಮ ಕಡತದಲ್ಲಿ ಅವರು..."

"ಬದುಕಿದಾರೆ."

"ಕಡತದಲ್ಲಿ."

"ಊಟ ಎಲ್ಲಿ ಮಾಡ್ತಾರಂತೆ?"

ಫ್ರಾವ್ ವೆಸ್ಸೆಲ್ಸ್ ಅರ್ಜಿಗೆ ಮೊಹರು ಹಾಕಿದಳು. ಆಮೇಲೆ ಗಾಜಿನ ಹತ್ತಿರ ಬಾಗಿ, ಯಾರಿಗೂ ಕೇಳದ ಹಾಗೆ ಹೇಳಿದಳು. "ದೃಢೀಕೃತ ಪ್ರತಿ ಬೇಕು ಅಂತ ಬರೀರಿ. ಬರೀ ಪ್ರತಿ ಅಂದ್ರೆ ಮೊಹರು ಹಾಕಲ್ಲ. ಮೊಹರು ಇಲ್ಲದ್ದನ್ನ ವಿಮೆಯವರು ಕಣ್ಣೆತ್ತಿ ನೋಡಲ್ಲ."

ಒತಿಲಿಯಾ ಆ ಒಂದು ಪದ ಸೇರಿಸಿ ಬರೆದಳು.

ಜುಲೈ ಕೊನೆಗೆ ಲಕ್ಷಣವಾದ ದಪ್ಪ ಲಕೋಟೆ ಬಂತು. ಮೂವತ್ತೊಂದು ಪುಟ. ಫ್ಲೋರಿಕಾಳ ಮಂಚದ ಮೇಲೆ ಕೂತು ಬಿಡಿಸಿದಳು. ಮೊದಲ ಪುಟ ಪೂರ್ತಿ ಕಪ್ಪು. ಎರಡನೆಯದೂ ಕಪ್ಪು. ಬ್ರಾಮ್‌ಕಾಂಪನ ಕೊಟ್ಟಿಗೆ, ಅವನ ಹಂದಿ, ಅವನ ಆಣೆ ಪ್ರಮಾಣ, ಎಲ್ಲದರ ಮೇಲೂ ಯಾರೋ ಒಬ್ಬ ಗುಮಾಸ್ತ ಬಹಳ ಶ್ರದ್ಧೆಯಿಂದ ಗೆರೆ ಹಿಡಿದು ಕಪ್ಪು ಬಳಿದಿದ್ದ. ಸಹಿಯ ಸಾಲುಗಳೆಲ್ಲ ಕಪ್ಪು ಪಟ್ಟಿ. ದಿನಕ್ಕೊಂದು.

"ಇದೇನೇ ಇದು," ಎಂದಳು ಫ್ಲೋರಿಕಾ. "ಕಾಗದಕ್ಕೂ ಸೂತಕ ಬಂತಾ?"

ಮೂವತ್ತನೆಯ ಪುಟದಲ್ಲಿ ಬೆಳ್ಳಗೆ ಒಂದು ಚೌಕ ಇತ್ತು. ಅವಳ ಷರಾ. ಅವಳದೇ ಅಕ್ಷರ. ನೆಲದ ಕೆಳಗಿನ ರೊಚ್ಚುಕಾಲುವೆ ಇತ್ತು. ತಪಾಸಣೆಗೆ ಹಾಕಿದ ಹುಲ್ಲು ಇತ್ತು. ಅಕ್ಟೋಬರ್ ಹದಿನಾಲ್ಕು ಇತ್ತು. ಅದನ್ನು ಬಿಡಿಸುವುದು ಅವರ ಕೆಲಸ ಎಂಬುದೂ ಇತ್ತು. ಕೆಳಗೆ ಕೃಷಿ ಕಚೇರಿಯ ದುಂಡು ಮೊಹರು, ಮೂಲ ಕಡತದಲ್ಲಿರುವಂತೆಯೇ ಇದೆ ಎಂಬ ಒಕ್ಕಣೆ, ಫ್ರಾವ್ ವೆಸ್ಸೆಲ್ಸ್‌ಳ ಸಹಿ.

ಒಂದೇ ಒಂದು ಕಡೆ ಕಪ್ಪು ಬಳಿದಿದ್ದರು. 'ನನ್ನ ಗಂಡ' ಎಂಬುದರ ಮುಂದೆ. ಅದು ಮೂರನೆಯ ವ್ಯಕ್ತಿಯ ಖಾಸಗಿ ಮಾಹಿತಿ.

ಫ್ಲೋರಿಕಾ ಪೆನ್ನು ಹುಡುಕಿ ತಂದಳು. "ಮೇಲೆ ಬರೆದುಬಿಡು. ನೇಲು ಅಂತ. ದಪ್ಪಗೆ ಬರಿ."

"ಬರೆದ್ರೆ ಮೊಹರು ಕೆಡುತ್ತೆ ಅಕ್ಕ."

ಅವಳು ಬೇರೆ ಹಾಳೆ ತೆಗೆದುಕೊಂಡಳು. ಅಪಘಾತ ವಿಮೆಯ ಕಚೇರಿಗೆ, ಆಕ್ಷೇಪಣೆಯ ವಿಭಾಗಕ್ಕೆ ಬರೆದಳು. ನನ್ನ ಗಂಡ ಕೆಲಸದ ಮೇಲೆ ಸತ್ತರು. ಪುರಾವೆ ಕೇಳಿದ್ದಿರಿ, ಸರ್ಕಾರದ ಮೊಹರಿನೊಂದಿಗೆ ಲಗತ್ತಿಸಿದ್ದೇನೆ. ಮೂವತ್ತನೆಯ ಪುಟ ನೋಡಿ. ಅಲ್ಲಿ ಕಪ್ಪು ಬಳಿದಿರುವ ಜಾಗದಲ್ಲಿರುವುದು ಅವರ ಹೆಸರು. ಅದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಡಿಸೆಂಬರಿನಲ್ಲಿ, ಅವರು ಮೊಬೈಲಿಗಾಗಿ ಇಳಿದರೆಂದು ಬರೆದಾಗ, ನೀವು ಅದನ್ನು ಪೂರ್ತಿಯಾಗಿ, ಒಂದಕ್ಷರವೂ ತಪ್ಪದೆ ಬರೆದಿದ್ದಿರಿ.